ಮೆಲುಕು ಹಾಕಿದ್ದು ಯಾರು?

ಯಶೋಧರಾ ಮೇಡಂ ಮಾಕವಳ್ಳಿಯವರು. ಬಿಂಡಿಗನವಿಲೆಯ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದು ಕೆಲವು ವರ್ಷವಾಯಿತು. ಅವರ ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಆ ನಗುವೇ ಒಮ್ಮೆ ಒಬ್ಬ ಹುಡುಗಿಯನ್ನು ನೋಯಿಸಿಬಿಟ್ಟಿತು.

ಅಂದು ಹತ್ತನೇ ಕ್ಲಾಸಿಗೆ ಪಾರ್ಟಿಸಿಪಲ್ ಫ್ರೇಸ್ ಪಾಠ. ‘ಹಾಡು ಗುನುಗುತ್ತಾ ರಮ್ಯ ಪಾತ್ರೆ ತೊಳೆದಳು’ ಅನ್ನುತ್ತೇವಲ್ಲ, ಹಾಗೆ ಒಬ್ಬರ ಎರಡು ಕೆಲಸ ಒಂದೇ ವಾಕ್ಯದಲ್ಲಿ. ಅರ್ಪಿತ ಬರೆದಳು: ‘ಚ್ಯೂಯಿಂಗ್ ದ ಕಡ್, ಮೈ ಗ್ರ್ಯಾಂಡ್‌ಫಾದರ್ ಮಿಲ್ಕ್‌ಡ್ ದ ಬಫಲೋ.’

“ಮೆಲುಕು ಹಾಕುತ್ತಾ ನಿಮ್ಮ ತಾತ ಎಮ್ಮೆ ಹಾಲು ಕರೆದರು ಅಂತಾಯ್ತಲ್ಲೇ!” ಮೇಡಂ ಗಟ್ಟಿಯಾಗಿ ನಕ್ಕರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮಾರನೆಯ ದಿನ ಅರ್ಪಿತ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೇಡಂಗೆ ಊಟ ರುಚಿಸಲಿಲ್ಲ. ಸಂಜೆ ತಮ್ಮ ಬಸ್ಸು ಬಿಟ್ಟು ಅವಳ ಮನೆಗೇ ನಡೆದರು.

ತಾತ ನಂಜಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೊಮ್ಮಗಳು ಬಾಗಿಲ ಹಿಂದೆ ಅವಿತಿದ್ದಳು. ಮೇಡಂ ನಡೆದದ್ದನ್ನೆಲ್ಲ ಹೇಳಿ, “ನಾನು ಹಂಗೆ ನಗಬಾರದಿತ್ತು, ತಪ್ಪಾಯ್ತು” ಅಂದರು.

“ಅಷ್ಟೇಯಾ?” ನಂಜಪ್ಪ ಎಲೆ ಮಡಿಸಿ ಬಾಯಿಗಿಟ್ಟರು. “ಬೆಳಗಿಂದ ಸಂಜೆಗಂಟ ಎಲಡಿಕೆ ಮೆಲುಕಾಕೋನು ನಾನೇ ಕಣವ್ವ. ಎಮ್ಮೆಯಾದ್ರೂ ಆಗಾಗ ನಿಲ್ಲುಸ್ತದೆ. ಕೂಸು ಇರೋದ್ನೇ ಬರ್ದದೆ ಬುಡಿ!”

ಬಾಗಿಲ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಮೇಡಂ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ನೋಡು, ಮೆಲುಕು ಹಾಕೋರು ಯಾರೋ, ಕಾಮಾ ಆದ ತಕ್ಷಣ ಅವರೇ ಬರಬೇಕು. ತಾತನ ಜಾಗಕ್ಕೆ ಎಮ್ಮೆ ತಂದು ನಿಲ್ಲಿಸು.”

ಅರ್ಪಿತ ಯೋಚಿಸಿ ಮೆಲ್ಲಗೆ ಹೇಳಿದಳು: “ಚ್ಯೂಯಿಂಗ್ ದ ಕಡ್, ದ ಬಫಲೋ ಸ್ಟುಡ್ ಸ್ಟಿಲ್.” ಮೆಲುಕು ಹಾಕುತ್ತಾ ಎಮ್ಮೆ ಅಲ್ಲಾಡದೆ ನಿಂತಿತು. ಮರುದಿನ ಅವಳು ಶಾಲೆಗೆ ಬಂದಳು.

ಆಮೇಲೆ ಮೇಡಂ ಮಕ್ಕಳ ತಪ್ಪನ್ನು ಕ್ಲಾಸಿನಲ್ಲಿ ಓದಲಿಲ್ಲ. ತಪ್ಪು ವಾಕ್ಯ ಬೇಕಾದಾಗ ಸ್ವಂತ ಗಂಡ ರಘುನಂದನ್ ಅವರನ್ನೇ ಎಳೆದು ತರುತ್ತಿದ್ದರು: ‘ಬಾಯ್ಲಿಂಗ್ ಆನ್ ದ ಸ್ಟವ್, ಮೈ ಹಸ್ಬೆಂಡ್ ಫರ್ಗಾಟ್ ದ ಮಿಲ್ಕ್.’ ಒಲೆಯ ಮೇಲೆ ಕುದಿಯುತ್ತಾ ಗಂಡ ಹಾಲು ಮರೆತರು!

ಒಂದು ಮಧ್ಯಾಹ್ನ ಹೆಂಡತಿ ಮರೆತುಬಂದಿದ್ದ ಬುತ್ತಿ ಹಿಡಿದು ರಘುನಂದನ್ ಬೈಕಿನಲ್ಲಿ ಶಾಲೆಗೆ ಬಂದರು. ಮಕ್ಕಳು ಮುತ್ತಿಕೊಂಡರು. ಅರ್ಪಿತಳೇ ಧೈರ್ಯ ಮಾಡಿ ಕೇಳಿದಳು: “ಸಾರ್, ಒಲೆ ಮ್ಯಾಲೆ ಕುದೀತಿದ್ರಂತೆ?”

ಏನೂ ಅರ್ಥವಾಗದ ಅವರು ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. “ಒಲೆ ಮ್ಯಾಲಲ್ಲ ಕಣವ್ವ, ಎಲ್ಮೆಟ್ಟೊಳಗೆ!”

ಸ್ಟಾಫ್ ರೂಮಿನಿಂದ ಮೇಡಂ ನಗು ಬೀದಿಯವರೆಗೂ ಕೇಳಿಸಿತು.