ಶ್ಯಾಮಲಮ್ಮ ನೋಡಿದ ಒಂಬತ್ತು ಎಪಿಸೋಡು

ಶ್ಯಾಮಲಮ್ಮ ಬಸ್ಸು ಹತ್ತಿ ಕೂತರೆ ಪಕ್ಕದವರು ಎರಡು ಸ್ಟಾಪಿನೊಳಗೆ ಎದ್ದು ಬೇರೆ ಸೀಟು ಹುಡುಕುತ್ತಿದ್ದರು. ಬೆಂದ ರೇಷ್ಮೆಹುಳದ ವಾಸನೆ ಸೋಪಿಗಾಗಲಿ ಸೀಗೆಪುಡಿಗಾಗಲಿ ಹೋಗುವಂಥದ್ದಲ್ಲ. ಶಿಡ್ಲಘಟ್ಟದ ಚೆನ್ನರಾಯಪ್ಪನವರ ಫಿಲೇಚರಿನಲ್ಲಿ, ಬಿಸಿನೀರಿನ ಬೇಸಿನ್ನಿಗೆ ಕೈಯಿಟ್ಟು, ಗೂಡುಗಳಿಂದ ನೂಲು ಬಿಚ್ಚುತ್ತ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಳು. ಬೆರಳ ತುದಿಯ ಚರ್ಮ ನೆಂದು ಸುಲಿದು ಬೆಳ್ಳಗಾಗಿ, ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದನ್ನೇ ಬಿಟ್ಟಿತ್ತು.

ಮಂಡಿಕಲ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಸತ್ತು ಹನ್ನೊಂದು ವರ್ಷ. ಮಕ್ಕಳಿಲ್ಲ. ಒಮ್ಮೆ ಬೇರೆ ಕೆಲಸ ನೋಡೋಣವೆಂದು ಕುಡುಮಲಕುಂಟೆಗೆ ಹೋಗಿದ್ದಳು. ಅಲ್ಲಿ ಬಟ್ಟೆ ಹೊಲಿಯುವ ಫ್ಯಾಕ್ಟರಿಯೊಂದರ ಗೇಟಿನಲ್ಲಿ ನಿಂತಿದ್ದ ಸೂಪರ್‌ವೈಸರ್ ಅವಳ ಕೈ ತಿರುಗಿಸಿ ನೋಡಿ, "ಬಟ್ಟೆಗೆ ಕಲೆ ಆಗುತ್ತಮ್ಮ, ಹೋಗು" ಎಂದಿದ್ದ. ಆಮೇಲೆ ಅವಳು ಎಲ್ಲಿಗೂ ವಿಚಾರಿಸಲು ಹೋಗಲಿಲ್ಲ.

ಆದ್ದರಿಂದಲೇ, ಮಾರ್ಚಿಗೆ ಫಿಲೇಚರಿಗೆ ನೂಲು ಬಿಚ್ಚುವ ಆಟೋಮ್ಯಾಟಿಕ್ ಮಿಷನ್ ಬರುತ್ತದೆ ಎಂಬ ಸುದ್ದಿ ಬಂದಾಗ ಎಂಟು ಹೆಂಗಸರಲ್ಲಿ ಹೆಚ್ಚು ಹೆದರಿದವಳು ಶ್ಯಾಮಲಮ್ಮ. ಆ ಮಿಷನ್ನಿಗೆ ಇಬ್ಬರು ಸಾಕು. ಒಂದು ಜಾಗ ಯಜಮಾನರ ನೆಂಟರ ಹುಡುಗಿ ರೂಪಾಗೆ ಎಂದು ಮೊದಲೇ ಆಗಿಹೋಗಿತ್ತು. ಉಳಿದದ್ದು ಒಂದು.

ಆ ಒಂದಕ್ಕೆ ಯಾರು ಎಂದು ಕೇಳಿದರೆ ಬೀದಿಯ ಮಗುವೂ ತಾಹಿರಾ ಎನ್ನುತ್ತಿತ್ತು. ತಾಹಿರಾ ಶ್ಯಾಮಲಮ್ಮನ ಎದುರು ಬೇಸಿನ್ನಿನವಳು, ಹದಿನಾಲ್ಕು ವರ್ಷದ ಗೆಳತಿ. ಬಾಯಿ ತೆರೆದರೆ ನಗಿಸದೆ ಬಿಡದವಳು. ತುಂಡಾದ ಎಳೆಯನ್ನು ಆವಿಯ ನಡುವೆ ಕಣ್ಣುಮುಚ್ಚಿ ಹುಡುಕಿ ಹಿಡಿಯುತ್ತಿದ್ದಳು. ಶ್ಯಾಮಲಮ್ಮನಿಗೆ ಎಳೆ ಸಿಗದಿದ್ದಾಗ ಅತ್ತಲಿಂದ ಕೈ ಚಾಚಿ ಹಿಡಿದುಕೊಡುತ್ತಿದ್ದವಳೂ ಅವಳೇ.

ಈ ನಡುವೆ ಜಪಾನಿನ ಧಾರಾವಾಹಿ ಬಂತು. ತಂದವನು ಯಜಮಾನರ ಮಗ ಜಗನ್. ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಇದ್ದ ಹುಡುಗ. ಐವತ್ತು ವರ್ಷ ಹಿಂದಿನ ಜಪಾನಿನ ಸೂಪರ್ ಹೀರೋ ಕತೆಗಳೆಂದರೆ ಅವನಿಗೆ ಊಟ ಬೇಡ. ಮನೆಗೆ ಹೊಸ ಟಿವಿ ಬಂದಾಗ ಹಳೆಯದನ್ನು ಫಿಲೇಚರಿನ ಗೋಡೆಗೆ ಹಾಕಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಮೊದಲನೇ ಎಪಿಸೋಡ್ ಹಚ್ಚಿದ. ಮಾತು ಜಪಾನಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷು. ಹೆಂಗಸರು ಮುದ್ದೆ ಮುರಿಯುತ್ತ ಬಾಯಿಬಿಟ್ಟು ನೋಡುವುದು, ನೋಡಿ ಏನೇನೋ ಆಡಿಕೊಳ್ಳುವುದು. ಇದನ್ನೇ ಅವನು ಎದುರಿಗೆ ಸ್ಟ್ಯಾಂಡಿನ ಮೇಲೆ ಫೋನು ನಿಲ್ಲಿಸಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದ.

ಮೊದಲನೇ ಎಪಿಸೋಡಿನಲ್ಲಿ ದುಷ್ಟರ ಕೂಟವೊಂದು ಒಬ್ಬ ಹುಡುಗನನ್ನು ಹಿಡಿದು ಹೊಗೆಯಾಡುವ ತೊಟ್ಟಿಗೆ ಮುಳುಗಿಸುತ್ತದೆ. ಅವನು ಅರ್ಧದಲ್ಲೇ ತಪ್ಪಿಸಿಕೊಂಡು, ಕೆಂಪು ಹೆಲ್ಮೆಟ್ಟಿನ ವೀರನಾಗುತ್ತಾನೆ.

"ಇನ್ನೂ ಐದು ನಿಮಿಷ ಬೇಯಿಸ್ಬೇಕಿತ್ತು ಕಣೇ," ಎಂದಳು ತಾಹಿರಾ. "ಹಸಿಬಿಸಿ ತೆಗೆದ್ಬಿಟ್ರು. ಅದಕ್ಕೇ ಎದ್ದು ಓಡ್ದ. ನಮ್ ಯಜಮಾನ್ರು ಇದ್ದಿದ್ರೆ ಅವತ್ತಿನ ಕೂಲಿನೇ ಹಿಡ್ಕೊಳ್ಳೋರು."

ಎಲ್ಲರೂ ನಕ್ಕರು. ತಾಹಿರಾ ಮಾತ್ರ ಫೋನಿಗೆ ಕಾಣುತ್ತಿರಲಿಲ್ಲ. ಬೇಸಿನ್ನಿನಲ್ಲಿ ಉಳಿದ ಗೂಡು ಹೆಚ್ಚು ಬೆಂದು ಹಾಳಾಗದಂತೆ ಅವಳು ಬೇಗ ಉಂಡು, ಫೋನಿನ ಹಿಂದುಗಡೆಯಿದ್ದ ತನ್ನ ಜಾಗದಲ್ಲಿ ಕೆಲಸ ಮಾಡುತ್ತಲೇ ಟಿವಿ ನೋಡುತ್ತಿದ್ದಳು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅವಳ ಮಗಳು ಅಂಬರೀನ್‌ಗೆ ಚಿಂತಾಮಣಿಯ ಬಟ್ಟೆ ಅಂಗಡಿಯವರ ಮನೆಯಲ್ಲಿ ಗಂಡು ಗೊತ್ತಾಗಿತ್ತು, ಫರ್ದೀನ್ ಎಂಬ ಹುಡುಗ. ಅವರಿಗೆ ಹುಡುಗಿಯ ತಾಯಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ ಎಂದು ಹೇಳಲಾಗಿತ್ತು. ಹಾಗೆಂದು ಹೇಳಿದ್ದೂ ಸಾಕ್ಷಾತ್ ಶ್ಯಾಮಲಮ್ಮನೇ. ಗಂಡಿನವರು ನೋಡಲು ಬಂದ ದಿನ ಪಕ್ಕದ ಮನೆಯವಳಂತೆ ಕೂತು, "ನಾನು ತೊಟ್ಕೊಳ್ಳೋದೆಲ್ಲ ಇವಳು ಹೊಲಿದಿದ್ದೇ ನೋಡಿ" ಎಂದು ತೋಳು ಎತ್ತಿ ತೋರಿಸಿದ್ದಳು.

ಎರಡನೇ ಎಪಿಸೋಡಿನಲ್ಲಿ ಕಪ್ಪು ಬಟ್ಟೆಯ ಇಪ್ಪತ್ತು ಜನ ಒಂದೇ ಒದೆತಕ್ಕೆ ಬಿದ್ದರು.

"ದಿನಗೂಲಿಯವ್ರು ಕಣಮ್ಮಾ," ಫೋನಿನ ಹಿಂದಿನಿಂದ ತಾಹಿರಾಳ ದನಿ. "ತಿಂಗಳ ಸಂಬಳ ಆಗಿದ್ರೆ ಒಂದೆರಡು ಏಟು ತಡ್ಕೊಳ್ಳೋರು."

ಮೂರನೇದರಲ್ಲಿ ಏಡಿಮನುಷ್ಯ ಬಂದ. ವೀರನು ಕೈ ತಿರುಗಿಸಿ, ಕಾಲಗಲಿಸಿ, ಕೂಗಿ ಹೆಲ್ಮೆಟ್ ಹಾಕಿಕೊಳ್ಳುವವರೆಗೂ ಏಡಿ ಸುಮ್ಮನೆ ನಿಂತಿತ್ತು.

"ಬೀಗರು ಕೈ ತೊಳ್ಕೊಂಡು ಬರ್ಲಿ ಅಂತ ಕಾಯ್ತಾವ್ನೆ. ಮರ್ಯಾದಸ್ಥರ ಮನೆ ಏಡಿ," ಎಂದಳು ತಾಹಿರಾ. ಏಡಿ ಬೆನ್ನು ತಿರುಗಿಸಿದಾಗ ಉದ್ದಕ್ಕೂ ಜಿಪ್ಪು ಕಂಡಿತು. "ಅಯ್ಯೋ ಅಲ್ಲಾ! ಜಿಪ್ಪು ಹಿಂದಕ್ಕಿಟ್ಟವ್ರೆ. ಒಂದಕ್ಕೆ ಬಂದ್ರೆ ಯಾರನ್ನ ಕರೀತಾನೆ ಪಾಪ?"

ಜೊತೆಗೆಲಸದ ಗಂಗುಲಮ್ಮನಿಗೆ ನಗು ತಡೆಯದೆ ಸಾರು ಮೂಗಿಗೆ ಹೋಯಿತು.

ಮಾರನೆಯ ದಿನ ಜಗನ್ ಫೋನು ಹಿಡಿದು ಕುಣಿಯುತ್ತ ಬಂದ. "ಹನ್ನೆರಡು ಸಾವಿರ ಜನ ನೋಡವ್ರೆ! ಹಿಂದಿನ ಆಂಟಿ ಯಾರು, ಮುಖ ತೋರ್ಸಿ ಅಂತ ಎಲ್ರೂ ಕೇಳ್ತಾವ್ರೆ. ತಾಹಿರಕ್ಕ, ಒಂದ್ಸಲ ಮುಂದೆ ಬಂದ್ಬಿಡಿ, ಲಕ್ಷ ದಾಟುತ್ತೆ."

"ಬೇಡಪ್ಪ ಜಗನ್. ಮಗಳ ಮದುವೆ ಮುಗೀಲಿ, ಆಮೇಲೆ ಕುಣಿ ಅಂದ್ರೂ ಕುಣೀತೀನಿ."

"ಮಿಷನ್ನಿಗೆ ಯಾರು ಅನ್ನೋದನ್ನೂ ವ್ಯೂಸ್ ನೋಡೇ ಡಿಸೈಡ್ ಮಾಡಣ ಬಿಡಿ," ಎಂದು ಅವನು ನಕ್ಕು ಹೋದ.

ಅವನು ಅದನ್ನು ಅಲ್ಲೇ ಮರೆತ. ಶ್ಯಾಮಲಮ್ಮ ಮರೆಯಲಿಲ್ಲ. ಮುಂದಿನ ಎಪಿಸೋಡುಗಳಲ್ಲಿ ತಾಹಿರಾ ಮೆಲ್ಲಗೆ ಅಂದದ್ದನ್ನು ತಾನು ಗಟ್ಟಿಯಾಗಿ ಅಂದು ಫೋನಿನ ಕಡೆ ನೋಡತೊಡಗಿದಳು. ತಾಹಿರಾಗೆ ಅದು ತಮಾಷೆಯಾಗಿ ಕಂಡಿತು. "ಹೇಳಮ್ಮ ಹೇಳು, ನಿನ್ ಬಾಯಿ, ನನ್ ಮಾತು, ಇಬ್ರೂ ಸೇರಿ ಒಂದು ಹೆಂಗ್ಸು," ಎಂದು ಆಮೇಲೆ ಬೇಕೆಂದೇ ಅವಳ ಕಿವಿಗೆ ಬೀಳುವಂತೆ ಅನ್ನುತ್ತಿದ್ದಳು. ಆದರೂ ಜನ ಕೇಳುತ್ತಿದ್ದದ್ದು ಹಿಂದಿನ ಆಂಟಿಯನ್ನೇ.

ಏಳನೇ ಎಪಿಸೋಡಿನ ದಿನ ನೂಲು ಕೊಳ್ಳುವವರು ಬಂದರೆಂದು ಜಗನ್ ಹೊರಗೆ ಹೋದ. ಫೋನು ವಿಡಿಯೋ ಹಿಡಿಯುತ್ತಲೇ ಇತ್ತು. ಟಿವಿಯಲ್ಲಿ ಕಪ್ಪೆಮನುಷ್ಯ ಬಾವಿಯೊಳಗಿಂದ ಏಳುತ್ತಿದ್ದ. ತಾಹಿರಾ ಏನೋ ಅಂದಳು, ಹೆಂಗಸರು ಹೊಟ್ಟೆ ಹಿಡಿದುಕೊಂಡರು. ಶ್ಯಾಮಲಮ್ಮ ಎದ್ದು ನೀರು ಕುಡಿಯಲು ಹೋದವಳು, ಬರುವಾಗ ಸ್ಟ್ಯಾಂಡಿನ ಪಕ್ಕ ನಿಂತಳು. ನಿಂತು, ಫೋನನ್ನು ಹಿಂದಕ್ಕೆ ತಿರುಗಿಸಿದಳು. ಮೊಣಕೈವರೆಗೆ ತೋಳು ಮಡಚಿ, ಬೇಸಿನ್ನಿನಲ್ಲಿ ಕೈಯಿಟ್ಟು, ಬಾಯಿತುಂಬ ನಗುತ್ತಿದ್ದ ತಾಹಿರಾ. ಅವಳ ಮುಂದೆ ನೀರಿನಲ್ಲಿ ತೇಲುವ ಬತ್ತಲೆ ಹುಳುಗಳು. ನಾಲ್ಕು ಎಣಿಸುವಷ್ಟು ಹೊತ್ತು. ಮತ್ತೆ ಫೋನು ಮೊದಲಿನಂತೆ ನಿಂತಿತು. ಯಾರೂ ಗಮನಿಸಲಿಲ್ಲ.

ಸಂಜೆ ಎಲ್ಲರೂ ಹೋದಮೇಲೆ ಜಗನ್ ಶ್ಯಾಮಲಮ್ಮನನ್ನು ಕೂಗಿದ. ವಿಡಿಯೋ ಕತ್ತರಿಸುತ್ತಿದ್ದ.

"ಅಕ್ಕ, ಇಲ್ಲಿ ತಾಹಿರಕ್ಕ ಬಂದ್ಬಿಟ್ಟವ್ರೆ ನೋಡಿ. ತೆಗೀಲಾ?"

ಅವಳು ಬಾಗಿ ನೋಡಿದಳು. ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ನಗು. ಇಲ್ಲಿಯವರೆಗೆ ಆದದ್ದನ್ನು ಕೈತಪ್ಪು ಎನ್ನಬಹುದಿತ್ತು. 'ತೆಗಿಯಪ್ಪ' ಎಂಬ ಒಂದು ಮಾತು ಸಾಕಿತ್ತು.

"ಅವಳೇ ಒಪ್ಕೊಂಡವ್ಳೆ," ಎಂದಳು ಶ್ಯಾಮಲಮ್ಮ. "ಮಧ್ಯಾಹ್ನ ನನ್ ಹತ್ರ ಹೇಳಿದ್ಳು. ಇರ್ಲಿ ಬಿಡಪ್ಪ."

"ಸೂಪರ್!" ಎಂದ ಜಗನ್.

ಮನೆಗೆ ಹೋಗಿ ಅವಳು ಅನ್ನ ಮಾಡಿಕೊಂಡು ಉಂಡು ಮಲಗಿದಳು. ನಿದ್ದೆ ಚೆನ್ನಾಗಿಯೇ ಬಂತು.

ಮೂರನೆಯ ದಿನಕ್ಕೆ ಒಂದು ಲಕ್ಷ ದಾಟಿತು. ಐದನೆಯ ದಿನ ತಾಹಿರಾಳ ಮನೆಗೆ ಚಿಂತಾಮಣಿಯಿಂದ ಫೋನು ಬಂತು. ಹುಳ ಬೇಯಿಸುವ ಮನೆಯೆಂದು ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದೆವೋ ಏನೋ, ಸುಳ್ಳು ಹೇಳಿದವರ ಮನೆಯ ಹೆಣ್ಣು ಬೇಡ ಎಂದರು. ಅವರು ಒಪ್ಪುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಮಾತು ನ್ಯಾಯವಾಗಿತ್ತು.

ತಾಹಿರಾ ಮಾರನೆಯ ದಿನ ಬಂದದ್ದು ಕೆಲಸಕ್ಕಲ್ಲ. ಗೋಡೆಗೆ ನೇತುಹಾಕಿದ್ದ ತನ್ನ ಹಳೆಯ ಏಪ್ರನ್ನು, ಡಬ್ಬಿ ತೆಗೆದುಕೊಂಡಳು. ಶ್ಯಾಮಲಮ್ಮನ ಬೇಸಿನ್ನಿನ ಹತ್ತಿರ ನಿಂತಳು.

"ನಾನು ಒಪ್ಕೊಂಡೆ ಅಂತ ನೀನು ಹೇಳ್ದ್ಯಂತೆ. ಜಗನ್ ಹೇಳ್ದ."

"ಆ ಗಲಾಟೆಲಿ ಏನ್ ಕೇಳ್ದನೋ, ನಾನೇನಂದ್ನೋ..." ಶ್ಯಾಮಲಮ್ಮ ನೀರಿನಿಂದ ಕಣ್ಣೆತ್ತಲಿಲ್ಲ.

"ಅಂಬರೀನ್ ಒಂದೇ ಮಾತು ಕೇಳಿದ್ಳು. ಶ್ಯಾಮಲಾ ಆಂಟಿಗೆ ಗೊತ್ತಾಗಿದ್ರೆ ತೆಗೆಸ್ತಿದ್ರು ಅಲ್ವಾ ಅಮ್ಮಿ, ಅಂತ." ತಾಹಿರಾ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಹೂಂ ಅಂದಿದೀನಿ. ಅವಳ ಹತ್ರ ಅಷ್ಟಾದ್ರೂ ಇರ್ಲಿ."

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಲು ಶ್ಯಾಮಲಮ್ಮ ಎರಡು ಮಾತು ಹೊಂದಿಸಿಟ್ಟುಕೊಂಡಿದ್ದಳು. ತಾಹಿರಾ ಬಾಗಿಲು ದಾಟಿದ ಮೇಲೆ ಗಂಗುಲಮ್ಮ "ಪಾಪಂ ಕಣಮ್ಮ" ಎಂದಳು. ಎಲ್ಲರೂ ಪಾಪ ಎಂದರು. ಏಳು ಜನರಲ್ಲಿ ಯಾರೂ ಎದ್ದು ಅವಳ ಹಿಂದೆ ಹೋಗಲಿಲ್ಲ. ಒಂದು ಹೆಸರು ಕಡಿಮೆಯಾಯಿತಲ್ಲ ಎಂಬ ಲೆಕ್ಕ ಪ್ರತಿಯೊಬ್ಬಳ ಮನಸ್ಸಿನಲ್ಲೂ ಆಗಿತ್ತು.

ಎಂಟನೇ ಎಪಿಸೋಡಿನಲ್ಲಿ ಶ್ಯಾಮಲಮ್ಮ ಮುಂದಿನ ಸಾಲಿನಲ್ಲೇ ಕೂತಳು. ಟಿವಿಯಲ್ಲಿ ಬಾವಲಿಮನುಷ್ಯ ಹಾರಿದ, ಬೆಟ್ಟ ಸಿಡಿಯಿತು, ವೀರ ಬಿದ್ದ, ಎದ್ದ. ಅವಳು ಫೋನಿನ ಹಿಂದಿನ ತಾಹಿರಾಳ ಜಾಗಕ್ಕೆ ಕಿವಿಯಿಟ್ಟು ಕಾದಳು. ಅಲ್ಲಿಂದ ಬೇಸಿನ್ನಿನ ನೀರು ಗುಳುಗುಳು ಅನ್ನುವುದು ಮಾತ್ರ ಕೇಳಿಸಿತು. ಅವಳು "ಹಾರ್ತಾವ್ನೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ "ಬಿದ್ದ," ಎಂದಳು.

"ಅಕ್ಕ, ಇವತ್ತು ಉಪ್ಪೇ ಇಲ್ವಲ್ಲ," ಎಂದ ಜಗನ್. ಮಾರನೆಯ ದಿನ ಕಾಮೆಂಟು ಓದಿ ಹೇಳಿದ: "ಈ ಆಂಟಿ ಬೋರು, ಹಿಂದಿನ ಆಂಟೀನ ವಾಪಸ್ ಕರ್ಸಿ ಅಂತಾವ್ರೆ." ರೂಪಾ ಕಿಸಕ್ಕೆಂದಳು. ಶ್ಯಾಮಲಮ್ಮನಿಗೆ ಆ ನಗು ಸುಲಿದ ಚರ್ಮಕ್ಕೆ ಬಿಸಿನೀರು ಬಿದ್ದಂತೆ ತಾಗಿತು. ಇಷ್ಟೆಲ್ಲ ಮಾಡಿಯೂ ಜಾಗ ಕೈತಪ್ಪಿದರೆ?

ಒಂಬತ್ತನೇ ಎಪಿಸೋಡಿನಲ್ಲಿ ಒಬ್ಬ ಸಂಸಾರವಂತ ಹೆಂಗಸು ಬಂದಳು. ಮಡಿಸಿದ ಸೀರೆಯಂಥ ಉಡುಗೆ, ತಗ್ಗಿಸಿದ ತಲೆ. ಬಂದ ಅತಿಥಿಗಳಿಗೆ ಮಂಡಿಯೂರಿ ಟೀ ಕೊಟ್ಟಳು. ಅತಿಥಿಗಳು ಮೆಚ್ಚಿ ತಲೆಯಾಡಿಸುವಷ್ಟರಲ್ಲಿ ಅವಳು ಕತ್ತಿನ ಹತ್ತಿರ ಉಗುರು ಹಾಕಿ ಮುಖದ ಚರ್ಮ ಸುಲಿದು ಎಸೆದಳು. ಒಳಗೆ ಹುಳದ ಮುಖ. ಅತಿಥಿಗಳು ಕಿರುಚಿ ಓಡಿದರು.

"ಅಯ್ಯೋ ಬೀಗ್ರೇ, ಓಡ್ಬೇಡಿ!" ಶ್ಯಾಮಲಮ್ಮ ಎದ್ದೇ ನಿಂತಳು. ದನಿ ತಾಹಿರಾಳದು, ಆ ಎಳೆತ, ಆ ಕೈ ತಿರುವು, ಎಲ್ಲ ಹಾಗೇ. "ಬ್ಲೌಸು ಹೊಲೀತಾಳೆ ನಮ್ಮುಡ್ಗಿ ತಾಯಿ, ಬ್ಲೌಸು! ಅಳತೆ ಕೊಟ್ಟು ಹೋಗಿ!"

ಗಂಗುಲಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಸೆರಗಿನೊಳಗಿಂದ ಮೊದಲ ನಗು ಬಂತು. ಆಮೇಲೆ ರೂಪಾ, ಆಮೇಲೆ ಎಲ್ಲರೂ. ಜಗನ್ ನೆಲಕ್ಕೆ ಕೂತುಬಿಟ್ಟ. ಒಂಬತ್ತು ಎಪಿಸೋಡಿನಲ್ಲಿ ಶ್ಯಾಮಲಮ್ಮ ಸ್ವಂತವಾಗಿ ಕಟ್ಟಿದ ಮಾತು ಅದೊಂದೇ. ಅದು ಮೂರು ಲಕ್ಷ ಜನರನ್ನು ನಗಿಸಿತು. ಚಿಂತಾಮಣಿಯಲ್ಲೂ ನೋಡಿದರು, ಶಿಡ್ಲಘಟ್ಟದಲ್ಲೂ ನೋಡಿದರು. ತಾಹಿರಾಳ ಬೀದಿಯ ಹುಡುಗರು ಅಂಬರೀನ್ ಕಾಲೇಜಿಗೆ ಹೊರಟರೆ "ಅಳತೆ ಕೊಟ್ಟು ಹೋಗಿ" ಎಂದು ಕೂಗಲು ಕಲಿತರು. ಹುಡುಗಿ ಒಂದು ವಾರ ಹೋದಳು, ಆಮೇಲೆ ಹೋಗಲಿಲ್ಲ.

ಮಾರ್ಚಿನಲ್ಲಿ ಮಿಷನ್ ಬಂತು. ಹಿಂದಿನ ದಿನ ಚೆನ್ನರಾಯಪ್ಪ ಶ್ಯಾಮಲಮ್ಮನನ್ನು ಕರೆಸಿ ನೀನೇ ಇರು ಎಂದರು.

"ಜನಕ್ಕೆಲ್ಲ ನಮ್ ವಿಡಿಯೋ ಇಷ್ಟ ಆಯ್ತಂತೆ ಯಜಮಾನ್ರೆ," ಎಂದಳು ಅವಳು, ಕೃತಜ್ಞತೆಗೆ ಇನ್ನೇನು ಹೇಳಬೇಕೆಂದು ತೋಚದೆ.

"ಯಾವ್ ವಿಡಿಯೋ?" ಎಂದರು ಅವರು. "ನಂಗೆ ತಾಹಿರಾ ಬೇಕಿತ್ತು. ಅಂಥ ಕೈ ಇನ್ನೊಂದಿಲ್ಲ. ಅವಳು ಬಿಟ್ಟೋದ್ಳು, ನೀನಿದೀಯ."

ಪೂಜೆಯ ದಿನ ಊರಿನ ನಾಲ್ಕು ಜನ ಫಿಲೇಚರ್ ಮಾಲೀಕರು ಮಿಷನ್ ನೋಡಲು ಬಂದರು. ಕೆಲಸ ಕಳೆದುಕೊಂಡವರಲ್ಲಿ ಗಂಗುಲಮ್ಮ ಒಬ್ಬಳು ಪ್ರಸಾದಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದಳು. ಜಗನ್ ಎಲ್ಲರಿಗೂ ಶ್ಯಾಮಲಮ್ಮನನ್ನು ತೋರಿಸಿ, "ಇವ್ರೇ ಅವ್ರು! ಅಕ್ಕ, ಒಂದ್ಸಲ ಹೇಳಿ ಅಕ್ಕ," ಎಂದ.

ಅವಳು ಹೊಸ ಏಪ್ರನ್ ಸರಿಮಾಡಿಕೊಂಡು, ಕೈ ತಿರುವಿ, ಅದೇ ಎಳೆತದಲ್ಲಿ ಬ್ಲೌಸಿನ ಮಾತು ಹೇಳಿದಳು. ಮಾಲೀಕರು ತೊಡೆ ತಟ್ಟಿಕೊಂಡು ನಕ್ಕರು. ಚೆನ್ನರಾಯಪ್ಪ ಒಬ್ಬರೇ ನಗದೆ ಹುಬ್ಬು ಗಂಟಿಕ್ಕಿ ಕೇಳಿದರು:

"ಯಾರ್ ಬಗ್ಗೆಯಮ್ಮ ಅದು?"

"ಯಾರ್ ಬಗ್ಗೆನೂ ಅಲ್ಲ ಯಜಮಾನ್ರೆ," ಎಂದಳು ಶ್ಯಾಮಲಮ್ಮ. "ಯಾವುದೋ ಜಪಾನ್ ಕತೆ."