ಮೂರನೆಯ ಏಟು

ಕೆಟ್ಟದ್ದನ್ನು ಮುಂಚೆಯೇ ಯೋಚಿಸಿಡುವುದರಲ್ಲಿ ನನ್ನನ್ನು ಮೀರಿಸುವವರು ಕೊಳ್ಳೇಗಾಲದಿಂದ ಒಡೆಯರಪಾಳ್ಯದವರೆಗೆ ಯಾರೂ ಇರಲಿಲ್ಲ. ಆ ದಾರಿಯ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಬ್ರೇಕು, ಟೈರು, ಟಾಪಿನ ಮೇಲಿನ ಮೂಟೆ, ತಿರುವಿನಲ್ಲಿ ನಿಂತಿರಬಹುದಾದ ಆನೆ, ಎಲ್ಲದರ ಚಿಂತೆಯೂ ನನ್ನದೇ. ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ಹುಲ್ಲು ಕೊಯ್ಯುವವರು ಕುಡುಗೋಲು ಹಿಡಿದು ಹತ್ತಿದರೆ ಸಾಕು, "ಕುಡ್ಲು ಸೀಟ್ ಕೆಳಕ್ಕಾಕಮ್ಮ" ಎಂದು ಕೂಗುತ್ತಿದ್ದೆ.

"ನಿಂಗೆ ಎಂಡ್ತಿ ಬುಟ್ರೆ ಕುಡ್ಲು ಕಂಡ್ರೇ ಭಯ ಕಣ್ಲಾ" ಎಂದು ಡ್ರೈವರ್ ನಗುತ್ತಿದ್ದ.

ಒಂದು ಸಂಜೆ ಲೊಕ್ಕನಹಳ್ಳಿಯಲ್ಲಿ ಒಬ್ಬ ಹತ್ತಿದ. ಕುಡಿದಿದ್ದ. ಹೆಗಲ ಮೇಲೆ ಕುಡುಗೋಲು. ನಾನು ನನ್ನ ಮಾಮೂಲಿ ಮಾತು ಹೇಳಿದೆ.

"ನೀನ್ಯಾವನ್ಲಾ ಏಳಕ್ಕೆ? ತಕ, ನೀನೇ ಮಡಿಕ" ಎಂದು ಬೀಸಿದ.

ಮೊದಲನೆಯ ಏಟು ಅಡ್ಡ ಹಿಡಿದ ಎಡಗೈಗೆ ಬಿತ್ತು. ನೋವಿಗಿಂತ ಮೊದಲು ಮೂಳೆಯ ಸದ್ದು ಕೇಳಿಸಿತು. ಎರಡನೆಯದು ಹೆಗಲು ಸೀಳಿತು; ಪಕ್ಕದ ಸೀಟಿನ ಹೆಂಗಸಿನ ಮಡಿಲೆಲ್ಲ ನನ್ನ ರಕ್ತ. ಮೂರನೆಯದು ಕುತ್ತಿಗೆಗೇ ಬರುತ್ತಿತ್ತು, ಸೀಟಿನ ಸರಳು ಅಡ್ಡ ಬಂದು ಹಿಡಿ ಮುರಿಯಿತು. ಜನ ಅವನನ್ನು ಕೆಳಗೆಳೆದು, ಹಲ್ಲು ಉದುರುವವರೆಗೂ ತುಳಿದರು. ಸೀಟಿನಡಿ ಬಿದ್ದಿದ್ದ ನಾನು, ಈ ಗಲಾಟೆಯಲ್ಲಿ ಬಸ್ಸು ಲೇಟಾಯಿತಲ್ಲ ಎಂದು ಚಿಂತಿಸುತ್ತಿದ್ದೆ.

ಹೊಲಿಗೆ ಬಿಚ್ಚಿದರು, ಮೂಳೆ ಕೂಡಿತು. ಆದರೆ ಹನೂರಿನ ನಮ್ಮ ಮನೆಯಲ್ಲಿ ಹೆಂಡತಿ ನುಗ್ಗೇಕಾಯಿ ಕತ್ತರಿಸಿದರೆ ನಾನು ಮಂಚದ ಕೆಳಗಿರುತ್ತಿದ್ದೆ. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರೆ ಮೈಯೆಲ್ಲ ಬೆವರು. ಯಳಂದೂರಿನ ಭಾವಮೈದ ತಾಯಿತ ಕಟ್ಟಿಸಿದ. ಅದು ಬಿಚ್ಚಿಹೋದರೇನು ಗತಿ ಎಂಬುದು ಹೊಸ ಚಿಂತೆಯಾಯಿತು.

ಕೊನೆಗೆ ಕೊಳ್ಳೇಗಾಲದ ಒಂದು ಆಸ್ಪತ್ರೆಗೆ ಹೋಗತೊಡಗಿದೆ. ಮನಸ್ಸಿನ ಕಾಯಿಲೆಯವರನ್ನು ಅಲ್ಲಿ ನೋಡುತ್ತಿದ್ದುದು ವಾರಕ್ಕೊಂದೇ ದಿನ. ಕೌನ್ಸೆಲರ್ ಮೇಡಂ, "ಕಣ್ಣು ಮುಚ್ಚಿ. ಈಗ ನಡೀತಿದೆ ಅನ್ನೋ ಹಾಗೆ ಪೂರ್ತಿ ಹೇಳಿ" ಎನ್ನುತ್ತಿದ್ದರು. ಮೊದಲ ಏಟಿಗೇ ನನ್ನ ಬಾಯಿ ನಿಂತುಬಿಡುತ್ತಿತ್ತು. ಇಷ್ಟು ವರ್ಷ ಬಸ್ಸಿಗೆ ರೈಟ್ ಹೇಳಿದವನಿಗೆ ರೈಟ್ ಹೇಳುವವರೇ ಇರಲಿಲ್ಲ. "ಅವಸರ ಇಲ್ಲ. ಮೂರನೇ ಏಟಿನವರೆಗೂ ಹೇಳೋಕಾದ ದಿನ ನೀವು ಮತ್ತೆ ಬಸ್ ಹತ್ತಬಹುದು" ಎಂದರು ಮೇಡಂ. ಮಾಲೀಕ ನನ್ನ ಕೆಲಸವನ್ನು ಅದುವರೆಗೆ ಖಾಲಿ ಇಟ್ಟಿದ್ದ.

ಹಾಗೆ ಹೋದ ಒಂದು ದಿನ, ಹೊರಗಿನ ಬೆಂಚಿನಲ್ಲಿ ಅವನೇ ಕೂತಿದ್ದ. ಜಾಮೀನಿನ ಮೇಲೆ ಬಂದಿದ್ದಾನೆ ಎಂದು ಕೇಳಿದ್ದೆ. ಕುಡಿತ ಬಿಡಿಸಲು ಹೆಂಡತಿ ಕರೆತಂದಿದ್ದಳು. ಇದೊಂದನ್ನು ನಾನು ಮುಂಚೆ ಯೋಚಿಸಿರಲಿಲ್ಲ.

ಅವನು ಸರಿದು ಜಾಗ ಬಿಟ್ಟ. "ಕೂತ್ಕಳಿ ಸಾ."

ಕಾಲು ಓಡು ಎಂದಿತು. ಕೂತೆ.

"ನಂಗೆ ಒಂದೂ ಗ್ಯಾನ ಇಲ್ಲ ಸಾ" ಎಂದ, ಮುಂದಿನ ಹಲ್ಲಿಲ್ಲದ ಬಾಯಲ್ಲಿ. "ಬಸ್ ಅತ್ತಿದ್ದೇ ಗ್ಯಾನ ಇಲ್ಲ. ಏನ್ ಮಾಡ್ದೆ ಅಂತ ಒಳಗೆ ಕೇಳ್ತರೆ. ನೀವೇ ಏಳಿ ಸಾ, ನಾನೇನ್ ಮಾಡ್ದೆ?"

"ಏಳಿ ಸಾ" ಎಂದಳು ಹೆಂಡತಿಯೂ. "ಕೇಳಿಸ್ಕಳ್ಳಿ, ಬುದ್ಧಿ ಬರ್ಲಿ."

ನನ್ನ ಬಾಯಿ ತೆರೆದುಕೊಂಡಿತು. ಒಳಗೆ ಹೊರಡದ ಮಾತೆಲ್ಲ ಅಲ್ಲಿ ಹೊರಟಿತು. "ಮೊದಲ್ನೇದು ಇಲ್ಲಿ" ಎಂದು ಕೊಡೆಯನ್ನು ಅವನ ಮುಂಗೈ ಮೇಲಿಟ್ಟೆ. "ಎರಡ್ನೇದು ಇಲ್ಲಿ" ಎಂದು ಹೆಗಲಿಗೆ ತಾಗಿಸಿದೆ, ತುಸು ಜೋರಾಗಿಯೇ. ಅವನು ಶಾಲೆಯ ಹುಡುಗನಂತೆ ತಲೆಯಾಡಿಸುತ್ತಿದ್ದ.

ಮೂರನೆಯದಕ್ಕೆ ಬಸ್ಸಿನಲ್ಲಿ ಸರಳು ಅಡ್ಡ ಬಂದಿತ್ತು. ಬೆಂಚಿಗೆ ಸರಳಿರಲಿಲ್ಲ.

ಅವನು ಕೆಳಗೆ ಬಿದ್ದ ಮೇಲೂ ಕೊಡೆ ನಿಲ್ಲಲಿಲ್ಲ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು, ಕೊಡೆಯ ಕಡ್ಡಿಗಳು ಬಾಗಿದವು. ಅವನು ಕೈ ಕೂಡ ಎತ್ತಲಿಲ್ಲ. "ಬುಡಿ ಸಾ! ಗ್ಯಾನ ಬಂತು ಅವನ್ಗೆ, ಬುಡಿ!" ಎಂದು ಅವನ ಹೆಂಡತಿ ನನ್ನ ಕೊರಳಪಟ್ಟಿ ಹಿಡಿದು ಜಗ್ಗಿದಳು. ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಗೇಟಿನ ಕಡೆ ಓಡಿದೆ.

ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವನೂ ಹೋಗುತ್ತಿಲ್ಲವಂತೆ, ದೂರೂ ಕೊಟ್ಟಿಲ್ಲ. ಮೇಡಂ ಫೋನ್ ಮಾಡಿದರೆ ನನ್ನ ಹೆಂಡತಿ, "ಅವ್ರು ಉಸಾರಾದ್ರು ಕಣ್ರಿ, ಡ್ಯೂಟಿಗೆ ಓಯ್ತಾವ್ರೆ" ಎನ್ನುತ್ತಾಳೆ. ಸುಳ್ಳಲ್ಲ. ಬಸ್ ಹತ್ತಿದ್ದೇನೆ, ಬೆವರೂ ಬರುತ್ತಿಲ್ಲ.

ಮೊನ್ನೆ ಹುಲ್ಲಿನ ಹೊರೆಯೊಂದಿಗೆ ಹತ್ತಿದ ಹೆಂಗಸೊಬ್ಬಳು, ನಾನು ಹೇಳುವ ಮೊದಲೇ ಕುಡುಗೋಲನ್ನು ಬಾಗಿಲ ಪಕ್ಕದ ನನ್ನ ಸೀಟಿನಡಿ, ನನ್ನ ಕೈಗೆಟುಕುವಲ್ಲೇ ತಳ್ಳಿದಳು.

"ಅಲ್ಲಿ ಬ್ಯಾಡ ಕಣಮ್ಮ, ಹಿಂದಕ್ಕೆ ಮಡಗು" ಎಂದೆ.

"ಯಾಕ್ ಸಾ, ನಿಮ್ಗೇನ್ ಮಾಡದು ಅದು?"

"ನಂಗಲ್ಲಮ್ಮ" ಎಂದೆ.