ವೆಂಡರ್ ಫೋಲ್ಡರಿನ ನಾಲ್ಕು ಸಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಳೆಯ ಕೋಡ್ ಕಂಡರಂತೂ ಮೈಯೆಲ್ಲ ಉರಿ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ನಮ್ಮ ಸಣ್ಣ ಕಚೇರಿ ಒಂದು ಕಣ್ಣಾಸ್ಪತ್ರೆಗೆ ತಂತ್ರಾಂಶ ಮಾಡಿಕೊಟ್ಟಿದೆ. ಆಪರೇಷನ್ನಿಗೆ ಹೆಸರು ಕೊಟ್ಟವರಿಗೆ ಅದು ತಾನೇ ಫೋನ್ ಮಾಡಿ, ನಿಮ್ಮ ಪಾಳಿ ಇಂಥ ದಿನ ಎಂದು ಹೇಳುತ್ತದೆ. ಫೋನ್ ಮಾಡುವ ಭಾಗ ಮಾತ್ರ ನಾವು ಬರೆದದ್ದಲ್ಲ. ಹೊರಗಿನ ಕಂಪನಿಯ ಕೋಡನ್ನು ತಂದು ನಮ್ಮ ಕೋಡನ್ನೆಲ್ಲ ಕೂಡಿಡುವ ರೆಪೊಸಿಟರಿಯೊಳಗೆ, ‘ವೆಂಡರ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆವು.

ಅದರ ಹೊಸ ಆವೃತ್ತಿ ಬಂದಾಗ ನಾನು ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದನ್ನು ಸುರಿದೆ. ಐದು ನಿಮಿಷದ ಕೆಲಸ. ಮೀಸೆ ತಿರುವಿಕೊಂಡು ಚಹಾಕ್ಕೆ ಹೋದೆ.

ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ದೂರು ಬಂತು. ಕಮಲಾಪುರದ ಒಂದೇ ಮನೆಯ ಇಬ್ಬರು ಓರಗಿತ್ತಿಯರು ಒಂದೇ ದಿನಕ್ಕೆ ಹೆಸರು ಕೊಟ್ಟಿದ್ದರು. ಫೋನ್ ಬಂದವರೇ ಬರಬೇಕೆಂಬ ನಿಯಮ. ಹಿರಿಯವಳಿಗೆ ಬಂತು, ಪೊರೆ ತೆಗೆಸಿಕೊಂಡಳು. ಕಿರಿಯವಳಿಗೆ ಬರಲಿಲ್ಲ. ಫೋನ್ ಇರುವುದು ಹಿರಿಯವಳ ಕೈಯಲ್ಲಿ. ಅವಳೇ ಮುಚ್ಚಿಟ್ಟಳೆಂದು ಕಿರಿಯವಳು ಮಾತು ಬಿಟ್ಟು, ಇನ್ನು ಆಪರೇಷನ್ನೇ ಬೇಡ ಎಂದು ಕೂತಿದ್ದಳು.

ಊರೊಳಗಿನ ಗಾಜಿಪುರದಿಂದ ಬರುವ ನಮ್ಮ ಹಿರಿಯ ಸಹೋದ್ಯೋಗಿ, ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುವ ಹೆಂಗಸು, ಕೇಳಿದ ಕೂಡಲೇ ಹಣೆ ಚಚ್ಚಿಕೊಂಡರು.

“ಅರೇ ಅಲ್ಲಾ! ಪೂರಾ ಫೋಲ್ಡರೇ ಉಡಾಯಿಸಿದ್ಯಾ? ಅದರಾಗ ನಾ ಬರದ ನಾಕು ಸಾಲು ಇದ್ವಲ್ಲೋ! ಕುಂಬಾರಗ ವರುಷ, ದೊಣ್ಣಿಗಿ ನಿಮಿಷ ಅಂತಾರಲ್ಲ, ನಿನ್ನ ನೋಡೇ ಅಂದಿರಬೇಕು.”

ಆ ಕಂಪನಿಯ ಲೆಕ್ಕದಲ್ಲಿ ಒಂದು ನಂಬರ್ ಎಂದರೆ ಒಬ್ಬ ಮನುಷ್ಯ, ಒಂದೇ ಕರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು. ಅದಕ್ಕೇ ಆಪಾ ಹೆಸರಿಗೊಂದು ಕರೆ ಹೋಗುವಂತೆ ತಿದ್ದಿದ್ದರು. ‘ಇದನ್ನು ಅಳಿಸಬೇಡಿ’ ಎಂಬ ಟಿಪ್ಪಣಿಯನ್ನೂ ಬರೆದಿದ್ದರು, ನಾನು ಓದದೆ ಅಳಿಸಿದ ಅದೇ ಫೋಲ್ಡರಿನೊಳಗೆ!

“ನಂದೂ ತಪ್ಪೇ ಬಿಡು,” ಎಂದರು. “ಮಂದಿ ಕೋಡಿನಾಗ ಕೈ ಹಾಕಿದಮ್ಯಾಲ ಹೊರಗ ಬರದು ಇಡಬೇಕಿತ್ತು.”

ಪುಣ್ಯಕ್ಕೆ ರೆಪೊಸಿಟರಿ ಹಳೆಯದನ್ನು ಮರೆಯುವುದಿಲ್ಲ, ಅಳಿಸಿದ ಪ್ರತಿಯೂ ಅದರಲ್ಲಿ ಉಳಿದಿರುತ್ತದೆ. ಕಂಪನಿಯ ಹಳೆಯ ಮೂಲ ಪ್ರತಿಯನ್ನು ನಮ್ಮ ಹಳೆಯ ಪ್ರತಿಯ ಜೊತೆ ಹೋಲಿಸಿದೆವು. ನಾಲ್ಕೇ ಸಾಲು ವ್ಯತ್ಯಾಸ. ಅವನ್ನು ಹೊಸದಕ್ಕೆ ಸೇರಿಸಿ, ಏನು ಏಕೆ ತಿದ್ದಿದೆವೆಂದು ಬೇರೆ ಕಡತದಲ್ಲಿ ಬರೆದಿಟ್ಟೆವು. ಕೋಡ್ ಸರಿಹೋಯಿತು. ಆ ಮನೆ? ನಾನು ಕಮಲಾಪುರದ ಬಸ್ ಹತ್ತಿದೆ.

ಕಿರಿಯವಳು ಬೇಳೆಯನ್ನು ಬೆರಳಿನಿಂದ ತಡವಿ ತಡವಿ ಹರಳು ಹುಡುಕುತ್ತಿದ್ದಳು. ಹಿರಿಯವಳು ಕಪ್ಪು ಕನ್ನಡಕ ಹಾಕಿಕೊಂಡು ದೂರ ಕೂತಿದ್ದಳು.

“ಇವರು ಏನೂ ಮುಚ್ಚಿಟ್ಟಿಲ್ಲರಿ. ಒಂದು ನಂಬರಿಗೆ ಒಂದೇ ಕರೆ ಹೋಗಿತ್ತು, ನಿಮ್ಮ ಹೆಸರಿನ ಕರೆ ಬರಲೇ ಇಲ್ಲ. ತಪ್ಪು ನಂದು,” ಎಂದೆ ಕಿರಿಯವಳಿಗೆ.

“ಅಕಿನೇ ಹೀಂಗ ಹೇಳು ಅಂತ ಕಲಿಸ್ಯಾಳೇನು?”

ಸೋಮವಾರ ಹಿರಿಯವಳಿಗೆ ತಪಾಸಣೆ, ಕಿರಿಯವಳಿಗೆ ಹೊಸ ಪಾಳಿ ನಿಗದಿಯಾಗಿತ್ತು. ಎರಡೂ ಕರೆಗಳನ್ನು ಈಗಲೇ ಬಿಡಲು ನನ್ನ ಫೋನಿನಿಂದ ಆಪಾಗೆ ಹೇಳಿದೆ. ಹಿರಿಯವಳ ಕೈಯಲ್ಲಿದ್ದ ಫೋನ್ ರಿಂಗಾಯಿತು, ಅವಳು ಎತ್ತಿದಾಗ ಅವಳ ಹೆಸರು ಹೇಳಿ ನಿಂತಿತು. ಮತ್ತೆ ರಿಂಗಾಯಿತು. ಅವಳು ಎದ್ದು ಹೋಗಿ ಅದನ್ನು ಕಿರಿಯವಳ ಕಿವಿಗೆ ಹಿಡಿದಳು. ತನ್ನ ಹೆಸರು ಕೇಳುತ್ತಲೇ ಕಿರಿಯವಳು ಬಿಕ್ಕಿದಳು.

“ಯಕ್ಕಾ, ಎಂಥಾ ಮಾತು ಅಂದೆ ನಿನಗ!”

“ಅಂದಿ, ಆತು ಬಿಡು,” ಎಂದು ಹಿರಿಯವಳು ಪಕ್ಕದಲ್ಲೇ ಕುಳಿತಳು. “ಆ ಬೇಳಿ ಇಲ್ಲಿ ಕೊಡು. ನನಗೀಗ ಹರಳು ಕಾಣ್ತಾವ.”